ಬ್ರೇಕ್ ಪೆಡಲ್ ಕಲ್ಲಾದಾಗ ಹುಡುಕಬೇಕಾದದ್ದು ಗಾಳಿಯನ್ನು

ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ಇಳಿಯುತ್ತಿದ್ದೆ. ಮುಂದೆ ಅನಿಲದ ಟ್ಯಾಂಕರ್ ಒಂದು ತಿರುವು ತಿರುವಿಗೂ ನಿಂತು ಸಾಗುತ್ತಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಬ್ರೇಕ್ ತುಳಿದಾಗ ಪೆಡಲ್ ಕೆಳಗೆ ಹೋಗಲೇ ಇಲ್ಲ. ಅಡಿಯಲ್ಲಿ ಯಾರೋ ಇಟ್ಟಿಗೆ ಇಟ್ಟ ಹಾಗೆ ಅಲ್ಲೇ ನಿಂತುಬಿಟ್ಟಿತು. ಬೆನ್ನನ್ನು ಸೀಟಿಗೆ ಒತ್ತಿ ಎರಡೂ ಕಾಲು ಕೊಟ್ಟು ತುಳಿದೆ. ಕಾರು ನಿಂತಿತು, ಟ್ಯಾಂಕರಿನ ಹಿಂಬದಿಯ ಎಚ್ಚರಿಕೆಯ ಸಣ್ಣ ಅಕ್ಷರಗಳನ್ನೂ ಓದಬಹುದಾದಷ್ಟು ಹತ್ತಿರದಲ್ಲಿ.

ಮರುದಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಹೊರಬಿತ್ತು: ಬೂಸ್ಟರ್ ಹೋಗಿದೆ, ಮಾಸ್ಟರ್ ಸಿಲಿಂಡರ್ ಸಮೇತ ಬದಲಾಯಿಸಬೇಕು. ಮೊತ್ತ ಕೇಳಿ ‘ಯೋಚಿಸಿ ಹೇಳುತ್ತೇನೆ’ ಎಂದು ಕಾರನ್ನು ಮೆಲ್ಲಗೆ ಮನೆಗೆ ತಂದೆ. ಹಾಗೆ ತಂದದ್ದೂ ತಪ್ಪೇ, ಅದು ಬೇರೆ ಮಾತು. ಕೊನೆಗೆ ಬೇಕಾದದ್ದು ಒಂದು ಮೊಳಕ್ಕಿಂತ ಕಡಿಮೆ ಉದ್ದದ ರಬ್ಬರ್ ಕೊಳವೆ, ಎರಡು ಕ್ಲಾಂಪು, ಅರ್ಧ ಗಂಟೆ.

ಗಟ್ಟಿ ಪೆಡಲ್ ಎಂದ ಕೂಡಲೇ ಬ್ರೇಕ್ ಕೆಟ್ಟಿದೆ ಎಂದು ಗಾಬರಿಯಾಗುತ್ತೇವೆ. ಬಹಳಷ್ಟು ಸಂದರ್ಭಗಳಲ್ಲಿ ಬ್ರೇಕ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಇಷ್ಟು ದಿನ ಸದ್ದಿಲ್ಲದೆ ಸಿಗುತ್ತಿದ್ದ ಒಂದು ನೆರವು ತಪ್ಪಿಹೋಗಿರುತ್ತದೆ. ಆ ನೆರವು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ರೋಗ ಮನೆಯ ಮುಂದೆಯೇ ಪತ್ತೆಯಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ‘ಬ್ರೇಕ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಜನ ಎರಡು ಬೇರೆ ಬೇರೆ ದೂರು ಹೇಳುತ್ತಾರೆ. ಒಂದು, ಪೆಡಲ್ ಮೆತ್ತಗಾಗಿ ನೆಲದವರೆಗೂ ಕುಸಿಯುವುದು. ಕೊಳವೆಗಳಲ್ಲಿ ಗಾಳಿ ಸೇರಿದ್ದರೆ, ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಅದರಲ್ಲಿ ನೀರಿನಂಶ ಹೆಚ್ಚಿ ಬಿಸಿಗೆ ಕುದಿದರೆ ಹೀಗಾಗುತ್ತದೆ. ಇನ್ನೊಂದು, ಪೆಡಲ್ ಮೇಲೆಯೇ ಕಲ್ಲಿನ ಹಾಗೆ ನಿಂತು, ಎಷ್ಟು ತುಳಿದರೂ ಕಾರು ಒಲ್ಲದ ಮನಸ್ಸಿನಿಂದ ನಿಲ್ಲುವುದು. ಇವೆರಡರ ಕಾರಣವೂ ಬೇರೆ, ಮದ್ದೂ ಬೇರೆ. ಗಟ್ಟಿ ಪೆಡಲಿಗೆ ‘ಬ್ರೇಕ್‌ನಲ್ಲಿ ಗಾಳಿ ತೆಗೆಸಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರು ದೂರನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ.

ನಾಲ್ಕು ಚೀಲ ಸಿಮೆಂಟಿನ ಬಲ

ಬಾನೆಟ್ ತೆರೆದು ಚಾಲಕನ ಸೀಟಿನ ನೇರಕ್ಕೆ, ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ನೋಡಿ. ಎರಡು ಗಂಗಾಳಗಳನ್ನು ಬಾಯಿಗೆ ಬಾಯಿ ಸೇರಿಸಿ ಮುಚ್ಚಿದಂಥ ಕಪ್ಪು ಡಬ್ಬಿ ಕಾಣುತ್ತದೆ. ಅದೇ ಬೂಸ್ಟರ್. ಅದರ ಮೂತಿಗೆ, ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿನ ಮೂಲಕ ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರ್, ಅದರ ಮೇಲೆ ಬ್ರೇಕ್ ಆಯಿಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಬೂಸ್ಟರಿನಿಂದ ಬೆರಳುಗಾತ್ರದ ಒಂದು ಕಪ್ಪು ಕೊಳವೆ ಎಂಜಿನ್ನಿನ ಕಡೆಗೆ ಹೋಗಿರುತ್ತದೆ. ಈ ಕೊಳವೆಯನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಸುತ್ತಲೇ ಇದೆ.

ಡಬ್ಬಿಯ ಒಳಗೆ ಅದನ್ನು ಎರಡು ಕೋಣೆಗಳಾಗಿ ಭಾಗ ಮಾಡುವ ರಬ್ಬರಿನ ಪರದೆಯೊಂದಿದೆ, ಅದರ ಹೆಸರು ಡಯಾಫ್ರಾಮ್. ಪೆಡಲ್ ತುಳಿಯದೇ ಇರುವಾಗ ಎರಡೂ ಕೋಣೆಗಳಿಂದ ಎಂಜಿನ್ ಗಾಳಿಯನ್ನು ಹೀರಿಕೊಂಡಿರುತ್ತದೆ. ಎರಡೂ ಕಡೆ ಒತ್ತಡ ಸಮ, ಪರದೆ ಸುಮ್ಮನೆ ಕುಳಿತಿರುತ್ತದೆ. ಕಾಲಿಟ್ಟ ಕ್ಷಣ ಒಳಗಿನ ಪುಟ್ಟ ವಾಲ್ವ್ ಎರಡು ಕೋಣೆಗಳ ನಡುವಿನ ದಾರಿ ಮುಚ್ಚಿ, ಪೆಡಲ್ ಕಡೆಯ ಕೋಣೆಗೆ ಮಾತ್ರ ಹೊರಗಿನ ಗಾಳಿ ಬಿಡುತ್ತದೆ. ಆಗ ಪರದೆಯ ಒಂದು ಕಡೆ ವಾತಾವರಣದ ಪೂರ್ತಿ ಒತ್ತಡ, ಇನ್ನೊಂದು ಕಡೆ ಹೆಚ್ಚುಕಡಿಮೆ ಬರಿದು. ಗಾಳಿಯೇ ಪರದೆಯನ್ನು ಮುಂದಕ್ಕೆ ನೂಕಿ ನಿಮ್ಮ ಕಾಲಿನ ಜೊತೆ ತಾನೂ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ.

ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ನಾವು ನೀರನ್ನು ಎಳೆಯುತ್ತಿದ್ದೇವೆ ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ನಾವು ಬಾಯಿಯೊಳಗಿನ ಗಾಳಿಯನ್ನು ಕಡಿಮೆ ಮಾಡುತ್ತೇವೆ, ಅಷ್ಟೇ. ಎಳನೀರನ್ನು ಮೇಲಕ್ಕೆ ದಬ್ಬುವುದು ಹೊರಗಿನ ಗಾಳಿ. ಬೂಸ್ಟರಿನಲ್ಲೂ ಎಂಜಿನ್ ಮಾಡುವುದು ಬಾಯಿಯ ಕೆಲಸ, ದುಡಿಯುವುದು ನಮ್ಮ ಸುತ್ತಲಿನ ಬಿಟ್ಟಿ ಗಾಳಿ.

ಬಿಟ್ಟಿಯಾದರೂ ಅದರ ಬಲ ಸಣ್ಣದಲ್ಲ. ಪರದೆಯ ಅಡ್ಡಳತೆ 8 ಅಂಗುಲ ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 324 ಚದರ ಸೆಂಟಿಮೀಟರ್. ಎರಡು ಕಡೆಯ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.6 ಕೆಜಿ ಇದ್ದರೂ ಒಟ್ಟು ನೂಕುಬಲ ಹತ್ತಿರಹತ್ತಿರ 195 ಕೆಜಿ, ಅಂದರೆ 50 ಕೆಜಿಯ ನಾಲ್ಕು ಸಿಮೆಂಟ್ ಚೀಲಗಳ ಭಾರ. ಪೆಡಲ್ ಸ್ವತಃ ಒಂದು ಸನ್ನೆಗೋಲು. ಅದು ಕಾಲಿನ ಬಲವನ್ನು ಸುಮಾರು ನಾಲ್ಕು ಪಟ್ಟು ಮಾಡುತ್ತದೆ ಎಂದುಕೊಳ್ಳಿ. ಬೂಸ್ಟರ್ ಕೈಕೊಟ್ಟರೆ ಅದು ಗರಿಷ್ಠವಾಗಿ ಕೊಡುತ್ತಿದ್ದ ಬಲಕ್ಕೆ ಬದಲಾಗಿ ನಿಮ್ಮ ಕಾಲು ಒಂದು ಇಡೀ ಸಿಮೆಂಟ್ ಚೀಲದಷ್ಟು ಹೆಚ್ಚುವರಿ ಭಾರ ಹಾಕಬೇಕು. ಘಾಟಿಯಲ್ಲಿ ಎರಡೂ ಕಾಲು ಕೊಟ್ಟಾಗ ನನಗೆ ಆದದ್ದು ಇದೇ. ಬ್ರೇಕ್ ಇತ್ತು, ನಾಲ್ಕು ಚೀಲ ಮಾಯವಾಗಿದ್ದವು.

ಈ ಉಪಾಯ ಹೊಸದೇನಲ್ಲ. ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡೆವಾಂಡ್ರ್ ರೂಪಿಸಿದ ನಿರ್ವಾತ ಬ್ರೇಕ್ ಸಹಾಯಕವನ್ನು ಬಾಷ್ ಕಂಪನಿ 1927ರಲ್ಲೇ ಕೈಗೆತ್ತಿಕೊಂಡಿತ್ತು. ರೈಲಿನ ಹಳೆಯ ವ್ಯಾಕ್ಯೂಮ್ ಬ್ರೇಕ್ ಕಂಡವರು ಇಲ್ಲಿ ಸ್ವಲ್ಪ ಗಲಿಬಿಲಿಗೊಳ್ಳಬಹುದು. ಅಲ್ಲಿ ನಿರ್ವಾತ ಹೋದರೆ ಬ್ರೇಕ್ ತಾನಾಗಿಯೇ ಬೀಳುತ್ತಿತ್ತು, ಸರಪಳಿ ಎಳೆದರೆ ರೈಲು ನಿಲ್ಲುತ್ತಿದ್ದದ್ದು ಅದಕ್ಕೇ. ಕಾರಿನಲ್ಲಿ ನಿರ್ವಾತ ಹೋದರೆ ಬ್ರೇಕ್ ಬೀಳುವುದಿಲ್ಲ, ನೆರವು ಮಾತ್ರ ನಿಲ್ಲುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ಅಚ್ಚುಕಟ್ಟಾದ ಹೊಂದಾಣಿಕೆಯಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿನ ಗಾಳಿದಾರಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಹೀರುತ್ತಲೇ ಇರುತ್ತವೆ, ಬರುವ ಗಾಳಿ ಸಾಲದು. ಹಾಗಾಗಿ ಎಂಜಿನ್ನಿಗೆ ಗಾಳಿ ಹಂಚುವ, ಬೂಸ್ಟರಿನ ಕೊಳವೆ ಬಂದು ಸೇರುವ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಆಳವಾಗುತ್ತದೆ. ಕಾಲು ಅಲ್ಲಿಂದ ಎದ್ದು ಬ್ರೇಕಿಗೆ ಬರುವ ಹೊತ್ತಿಗೆ ಸರಿಯಾಗಿ ನೆರವು ಸಿದ್ಧ.

ಗ್ಯಾರೇಜಿಗೆ ಹೋಗುವ ಮೊದಲು

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರಕ್ಕೆ ಒಂದು ಕಲ್ಲು ಕೊಡಿ. ಅದಕ್ಕೂ ಮೊದಲು ಬಗ್ಗಿ ಪೆಡಲಿನ ಹಿಂದೆ ನೋಡಿಬಿಡಿ. ಉರುಳಿ ಬಂದ ನೀರಿನ ಬಾಟಲಿ, ಮಡಚಿಕೊಂಡ ಮ್ಯಾಟು ಪೆಡಲನ್ನು ತಡೆದಿದ್ದರೆ ಮುಂದಿನದೆಲ್ಲ ವ್ಯರ್ಥ. ನಗಬೇಡಿ, ಇದು ನಡೆಯುತ್ತದೆ.

ಈಗ ಎಂಜಿನ್ ಬಂದ್ ಇರುವಾಗಲೇ ಪೆಡಲನ್ನು ಐದಾರು ಸಲ ತುಳಿದು ಬಿಡಿ. ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತವೆಲ್ಲ ಖರ್ಚಾಗಿ ಪೆಡಲ್ ಗಟ್ಟಿಯಾಗುತ್ತದೆ. ಹದವಾಗಿ ಒತ್ತಿ ಹಿಡಿದು ಎಂಜಿನ್ ಶುರು ಮಾಡಿ. ಎಲ್ಲ ಸರಿಯಿದ್ದರೆ ಪೆಡಲ್ ನಿಮ್ಮ ಕಾಲಿನಡಿ ತಾನಾಗಿಯೇ ಚೂರು ಕೆಳಗೆ ಇಳಿಯುತ್ತದೆ. ಒಬ್ಬರು ಕೈ ಹಿಡಿದು ಎಳೆದುಕೊಂಡ ಹಾಗೆ ಅನುಭವವಾಗುತ್ತದೆ, ಒಮ್ಮೆ ಅನುಭವಿಸಿದರೆ ಮರೆಯುವುದಿಲ್ಲ. ಪೆಡಲ್ ಅಲುಗಾಡದೆ ನಿಂತರೆ ಗಾಳಿಯ ನೆರವು ಬರುತ್ತಿಲ್ಲ ಎಂದರ್ಥ. ತಪ್ಪು ಬೂಸ್ಟರಿನಲ್ಲೋ, ಕೊಳವೆಯಲ್ಲೋ, ವಾಲ್ವಿನಲ್ಲೋ, ಎಂಜಿನ್ನಿನ ಹೀರುವಿಕೆಯಲ್ಲೋ ಇದೆ. ಪೆಡಲ್ ಚೆನ್ನಾಗಿ ಇಳಿದೂ ಕಾರು ನಿಲ್ಲುವುದಿಲ್ಲವೆಂದರೆ ಬೂಸ್ಟರನ್ನು ಬಿಟ್ಟು ಚಕ್ರಗಳ ಕಡೆ ನೋಡಬೇಕು. ಈ ಒಂದು ಪರೀಕ್ಷೆ ರೋಗವನ್ನು ಎರಡು ಪಾಲು ಮಾಡಿಕೊಡುತ್ತದೆ. ನನ್ನ ಬೂಸ್ಟರಿಗೆ ಮರಣಶಾಸನ ಬರೆದವರು ಇದನ್ನು ಮಾಡಿರಲಿಲ್ಲ.

ಎರಡನೆಯದು ಸೋರಿಕೆಯ ಪರೀಕ್ಷೆ. ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಬಂದ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಪೆಡಲನ್ನು ನಿಧಾನವಾಗಿ ಒಂದೊಂದೇ ಸಲ ತುಳಿಯಿರಿ. ಮೊದಲ ಸಲ ಆಳಕ್ಕೆ, ಎರಡನೆಯ ಸಲ ಅದಕ್ಕಿಂತ ಮೇಲೆ, ಮೂರನೆಯ ಸಲ ಇನ್ನೂ ಮೇಲೆ ನಿಂತರೆ ಡಬ್ಬಿ ಗಾಳಿ ಬಿಗಿಯಾಗಿದೆ. ಮೊದಲ ತುಳಿತಕ್ಕೇ ಕಲ್ಲಿನಂತಿದ್ದರೆ ಹೀರಿಟ್ಟ ನಿರ್ವಾತ ಎಲ್ಲಿಂದಲೋ ತಪ್ಪಿಸಿಕೊಂಡಿದೆ. ಮೂರನೆಯದಾಗಿ, ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು, ಹಾಗೆಯೇ ಹಿಡಿದಿರುವಂತೆ ಎಂಜಿನ್ ಬಂದ್ ಮಾಡಿ ಅರ್ಧ ನಿಮಿಷ ಕಾಯಿರಿ. ಪೆಡಲ್ ಇದ್ದಲ್ಲೇ ಇರಬೇಕು. ಕಾಲನ್ನು ಮೇಲಕ್ಕೆ ದಬ್ಬಿದರೆ ಒತ್ತಿ ಹಿಡಿದಿರುವಾಗ ಬೂಸ್ಟರ್ ಸೋರುತ್ತಿದೆ ಎಂದು ತಿಳಿಯಬೇಕು.

ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲೇ ಪೆಡಲ್ ಗಟ್ಟಿ ಇದೆ ಎಂಬ ದೂರನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ರಾತ್ರಿ ನಿಲ್ಲಿಸಿದ ಮೇಲೆ ಯಾರೋ ನಾಲ್ಕು ಸಲ ತುಳಿದಿರುತ್ತಾರೆ, ಇಲ್ಲವೇ ಕಾರು ದಿನಗಟ್ಟಲೆ ನಿಂತಿರುತ್ತದೆ. ಗುಂಡಿ ಒತ್ತಿ ಶುರು ಮಾಡುವ ಕಾರುಗಳಲ್ಲಿ ಮಾತ್ರ ಇದು ತಲೆನೋವು. ಬ್ರೇಕ್ ತುಳಿದದ್ದು ಸಾಕಷ್ಟಾಗದೆ ಎಂಜಿನ್ ಶುರುವಾಗುವುದಿಲ್ಲ, ಮಾಲೀಕರು ಬ್ಯಾಟರಿಯನ್ನು ಬೈಯುತ್ತಾರೆ. ಬಲವಾಗಿ ತುಳಿದು ಹಿಡಿದು ಗುಂಡಿ ಒತ್ತಿದರೆ ಸಾಮಾನ್ಯವಾಗಿ ಮುಗಿಯಿತು. ಆದರೆ ರಾತ್ರಿ ಯಾರೂ ಮುಟ್ಟದೆಯೂ ದಿನಾ ಬೆಳಿಗ್ಗೆ ಮೊದಲ ತುಳಿತಕ್ಕೇ ಗಟ್ಟಿಯಿದ್ದರೆ ಮುಂದೆ ಹೇಳುವ ವಾಲ್ವನ್ನು ಸಂಶಯಿಸಿ.

ಕೊಳವೆ, ವಾಲ್ವ್, ಡಬ್ಬಿ: ಈ ಅನುಕ್ರಮದಲ್ಲೇ

ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಬೇಕು. ಗ್ಯಾರೇಜುಗಳಲ್ಲಿ ಎಷ್ಟೋ ಸಲ ಇದು ತಿರುಗುಮುರುಗಾಗುತ್ತದೆ.

ನನ್ನ ಕಾರು ಘಾಟಿಯ ಆ ದಿನಕ್ಕೆ ಎರಡು ವಾರ ಮೊದಲಿನಿಂದಲೇ ಸಿಗ್ನಲ್ಲಿನಲ್ಲಿ ನಿಂತಾಗ ಏದುಸಿರು ಬಿಡುತ್ತಿತ್ತು. ಎಂಜಿನ್ ವೇಗ ಏರಿಳಿಯುತ್ತಿತ್ತು, ಎ.ಸಿ. ಹಾಕಿದರೆ ನಡುಗುತ್ತಿತ್ತು. ಪೆಟ್ರೋಲಿನಲ್ಲಿ ಕಲಬೆರಕೆ ಎಂದುಕೊಂಡು ಬಂಕ್ ಬದಲಾಯಿಸಿದ್ದೆ. ಎಂಜಿನ್ ಓಡುತ್ತಿರುವಾಗ ಬೂಸ್ಟರಿನ ಕೊಳವೆಯ ಉದ್ದಕ್ಕೂ ಕಿವಿ ಹತ್ತಿರ ಒಯ್ದರೆ ಕುಕ್ಕರ್ ಸೀಟಿ ಹಾಕುವ ಮೊದಲಿನ ‘ಸ್‌ಸ್’ ಎಂಬ ಸದ್ದು. ಎಂಜಿನ್ ನಿಲ್ಲಿಸಿ ಕೊಳವೆಯನ್ನು ತಿರುಗಿಸಿ ನೋಡಿದರೆ, ಮೇಲಿನಿಂದ ಕಾಣದ ಕೆಳಮೈಯಲ್ಲಿ ಎರಡು ಸಾಲು ಹಲ್ಲಿನ ಗುರುತು, ನಡುವೆ ಅವರೆಕಾಳಿನಷ್ಟು ತೂತು. ಎಂಜಿನ್ನಿನ ಬೆಚ್ಚಗಿಗೆ ಮಲಗಲು ಬಂದ ಇಲಿ ಊಟವನ್ನೂ ಅಲ್ಲೇ ಮುಗಿಸಿತ್ತು. ಬೂಸ್ಟರಿಗೆ ಹೋಗಬೇಕಾದ ಹೀರುವಿಕೆ ಆ ತೂತಿನಲ್ಲಿ ಹೊರಗಿನ ಗಾಳಿ ಕುಡಿಯುತ್ತಿತ್ತು. ಅದೇ ಲೆಕ್ಕಕ್ಕಿಲ್ಲದ ಗಾಳಿ ಎಂಜಿನ್ನಿಗೂ ಸೇರಿ ಏದುಸಿರು ತರಿಸಿತ್ತು. ಊರಿನೊಳಗೆ ಒಂದೊಂದೇ ಬ್ರೇಕ್ ಹಾಕುವಾಗ ಬೂಸ್ಟರ್ ಹೇಗೋ ಚೇತರಿಸಿಕೊಳ್ಳುತ್ತಿತ್ತು. ಘಾಟಿಯಲ್ಲಿ ಬೆನ್ನುಬೆನ್ನಿಗೆ ತುಳಿದಾಗ ದಾಸ್ತಾನು ಬರಿದಾಯಿತು. ಆದ್ದರಿಂದ ಗಟ್ಟಿ ಪೆಡಲಿನ ಜೊತೆಗೆ ಎಂಜಿನ್ ಓಟವೂ ಹದಗೆಟ್ಟಿದ್ದರೆ ಎರಡನ್ನೂ ಒಂದೇ ದೂರಾಗಿ ಹೇಳಿ. ಬೇರೆ ಬೇರೆ ಹೇಳಿದರೆ ಬೇರೆ ಬೇರೆ ಬಿಲ್ಲು ಬರುತ್ತದೆ.

ಪಂಕ್ಚರ್ ಅಂಗಡಿಯಂತೆ ಸೋಪಿನ ನೀರು ಹಚ್ಚಿದರೆ ಇಲ್ಲಿ ಗುಳ್ಳೆ ಬರುವುದಿಲ್ಲ, ಗಾಳಿ ಹೊರಗೆ ಬರುತ್ತಿಲ್ಲ, ಒಳಗೆ ಹೋಗುತ್ತಿದೆ. ಸುಲಭದ ಉಪಾಯ ಬೇರೆಯಿದೆ. ರಬ್ಬರ್ ಕೊಳವೆಯಾಗಿದ್ದರೆ, ಎಂಜಿನ್ ಓಡುತ್ತಿರುವಾಗ ಬೂಸ್ಟರಿನ ಹತ್ತಿರ ಬಟ್ಟೆ ಸುತ್ತಿದ ಇಕ್ಕಳದಿಂದ ಅದನ್ನು ಮೃದುವಾಗಿ ಅದುಮಿ. ಎಂಜಿನ್ನಿನ ಏರಿಳಿತ ತಕ್ಷಣ ನಿಂತರೆ ಸೋರಿಕೆ ಅದುಮಿದ ಜಾಗದಿಂದ ಬೂಸ್ಟರಿನ ಕಡೆಗಿದೆ. ನಿಲ್ಲದಿದ್ದರೆ ಎಂಜಿನ್ನಿನ ಕಡೆಗಿದೆ. ಬೆಲ್ಟು, ಫ್ಯಾನುಗಳಿಂದ ಕೈ, ಅಂಗಿಯ ತೋಳು ದೂರವಿರಲಿ. ಪರೀಕ್ಷೆ ಮುಗಿದ ಮೇಲೆ ಇಕ್ಕಳ ತೆಗೆಯುವುದನ್ನು ಮರೆಯಬೇಡಿ.

ಹೊಸ ಕೊಳವೆ ಹಾಕುವಾಗ ಅದೇ ಕೆಲಸಕ್ಕೆಂದು ಮಾಡಿದ್ದನ್ನೇ ಕೇಳಿ ಪಡೆಯಿರಿ. ಪೆಟ್ರೋಲ್ ಪೈಪೋ ನೀರಿನ ಪೈಪೋ ಗಾತ್ರಕ್ಕೆ ಸರಿಹೊಂದುತ್ತದೆಂದು ತುರುಕುವವರಿದ್ದಾರೆ. ಅವು ಒಳಗಿನಿಂದ ಹೊರಕ್ಕೆ ಒತ್ತುವ ದ್ರವಕ್ಕೆಂದು ಮಾಡಿದವು. ಹೀರುವಿಕೆಗೆ, ಅದರಲ್ಲೂ ಬಿಸಿಯಾದ ಮೇಲೆ, ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಹೊರಗೆ ಒಂದು ಬಿರುಕೂ ಕಾಣದೆ ಪೆಡಲ್ ಗಟ್ಟಿಯಾಗುವ ಪ್ರಕರಣಗಳಲ್ಲಿ ಇದೂ ಒಂದು.

ಕೊಳವೆಯ ಬೂಸ್ಟರ್ ತುದಿಯಲ್ಲಿ, ಕೆಲವು ಕಾರುಗಳಲ್ಲಿ ಕೊಳವೆಯ ನಡುವೆಯೇ, ಒಂದು ಪ್ಲಾಸ್ಟಿಕ್ ವಾಲ್ವ್ ಇರುತ್ತದೆ. ಗಾಳಿ ಬೂಸ್ಟರಿನಿಂದ ಎಂಜಿನ್ನಿಗೆ ಹೋಗಬಹುದು, ಹಿಂದಕ್ಕೆ ಬರಬಾರದು, ಇಷ್ಟೇ ಅದರ ಕೆಲಸ. ಎಂಜಿನ್ ನಿಂತರೂ ಎರಡು ಮೂರು ಸಲದ ಬ್ರೇಕಿಗೆ ನೆರವು ಉಳಿದಿರುವುದು ಇದರ ಕೃಪೆ. ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯ ನಂತರ ಈ ವಾಲ್ವನ್ನು ಮೆಲ್ಲನೆ ತಿರುಗಿಸಿ ಬೂಸ್ಟರಿನಿಂದ ಎಳೆಯಿರಿ. ‘ಭುಸ್’ ಎಂದು ಗಾಳಿ ಒಳನುಗ್ಗಿದರೆ ಅದು ನಿಷ್ಠೆಯಿಂದ ಕಾವಲು ಕಾದಿದೆ. ಸದ್ದೇ ಇಲ್ಲದಿದ್ದರೆ ಒರೆಸಿ, ಬಾಯಿಯಿಂದ ಊದಿ ನೋಡಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೂ ಕಸಕ್ಕೆ, ಎರಡೂ ಕಡೆ ಹೋಗದಿದ್ದರೂ ಕಸಕ್ಕೆ. ವಾಲ್ವ್ ಕೂರುವ ರಬ್ಬರ್ ಬಳೆಯನ್ನೂ ಉಗುರಿನಿಂದ ಒತ್ತಿ ನೋಡಿ. ಹಳತಾದಂತೆ ಅದು ಒಣಗಿದ ಹುಣಸೆ ಬೀಜದಷ್ಟು ಗಟ್ಟಿಯಾಗಿ ಅಂಚಿನಲ್ಲಿ ಗಾಳಿ ಬಿಡುತ್ತದೆ.

ಇವೆರಡೂ ಸರಿಯಿದ್ದರೆ ಮಾತ್ರ ಬೂಸ್ಟರಿನ ಸರದಿ. ಪರದೆ ಹರಿದಿದ್ದರೆ ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲಿನ ಬಳಿ ಗಾಳಿಯ ಸದ್ದು ಕೇಳುತ್ತಲೇ ಇರುತ್ತದೆ, ಜೊತೆಗೆ ಎಂಜಿನ್ ಓಟವೂ ತಡವರಿಸುತ್ತದೆ. ತುಳಿಯುವ ಕ್ಷಣಕ್ಕೆ ಬರುವ ಸಣ್ಣ ಉಸಿರಿಗೆ ಹೆದರಬೇಡಿ. ಗಾಳಿ ಒಳಗೆ ಹೋಗಲೇಬೇಕು, ಅದು ಹೋಗುವುದು ಪೆಡಲ್ ಕಡೆಯಿಂದಲೇ. ಬ್ರೇಕ್ ಆಯಿಲ್ ಹೊರಗೆಲ್ಲೂ ಸೋರದೆ ಡಬ್ಬಿಯಲ್ಲಿ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂಭಾಗದ ಸೀಲ್ ಹೋಗಿ ಅದು ಬೂಸ್ಟರಿನೊಳಗೆ ಇಳಿಯುತ್ತಿರಬಹುದು. ಸಿಲಿಂಡರಿನ ನಟ್ಟುಗಳನ್ನು ಬಿಚ್ಚಿ ಸ್ವಲ್ಪ ಮುಂದಕ್ಕೆ ಸರಿಸಿದರೆ ಒದ್ದೆ ಕಾಣುತ್ತದೆ. ಆ ದ್ರವ ಪರದೆಯನ್ನೂ ಕೆಡಿಸುವುದರಿಂದ ಆಗ ಎರಡನ್ನೂ ಬದಲಾಯಿಸುವುದು ನ್ಯಾಯ. ಹಳೆಯ ಬೂಸ್ಟರನ್ನು ಬಿಚ್ಚಿ ರಿಪೇರಿ ಮಾಡಿಕೊಡುವವರೂ ಇದ್ದಾರೆ, ಆದರೆ ಇಲ್ಲಿ ಉಳಿತಾಯ ಮಾಡಲು ನನಗೆ ಮನಸ್ಸಿಲ್ಲ. ಹೊಸದು ಕೂರಿಸುವಾಗ ಒಳಗಿನ ಸರಳಿನ ಉದ್ದ ಕಾರಿಗೆ ಹೇಳಿದ ಅಳತೆಗೆ ಹೊಂದಿದೆಯೇ ಎಂದು ಕೇಳಿ. ಅದು ಉದ್ದವಾದರೆ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ.

ನಿರ್ವಾತ ಅಳೆಯುವ ಗೇಜ್ ಇರುವ ಮೆಕ್ಯಾನಿಕ್ ಸಿಕ್ಕರೆ ಅದೃಷ್ಟ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸುಮ್ಮನೆ ಓಡುವಾಗ ಸಾಮಾನ್ಯವಾಗಿ 18ರಿಂದ 22 ಅಂಗುಲ ಪಾದರಸದಷ್ಟು ನಿರ್ವಾತ ತೋರಿಸುತ್ತದೆ ಎನ್ನುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಳೆಯಬೇಕು. ಮಂಗಳೂರಿನಲ್ಲಿ 19 ತೋರಿಸಿದ ಕಾರು ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ರೋಗವಲ್ಲ, ಭೂಗೋಳ. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಬ್ರೇಕನ್ನು ಬಿಟ್ಟು ಎಂಜಿನ್ನನ್ನೇ ಪರೀಕ್ಷಿಸಬೇಕು. ಟೈಮಿಂಗ್ ತಪ್ಪಿರಬಹುದು, ಸೈಲೆನ್ಸರ್ ದಾರಿ ಕಟ್ಟಿರಬಹುದು, ಎಂಜಿನ್ನಿನ ವಾಲ್ವುಗಳು ಸವೆದಿರಬಹುದು.

ಡೀಸೆಲ್ ಕಾರುಗಳಲ್ಲಿ ಗಾಳಿದಾರಿಯನ್ನು ಮುಚ್ಚಿ ವೇಗ ನಿಯಂತ್ರಿಸುವ ಪದ್ಧತಿಯಿಲ್ಲ, ಆದ್ದರಿಂದ ಬ್ರೇಕಿಗೆ ಬೇಕಾದ ನಿರ್ವಾತವೂ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆಂದೇ ಒಂದು ಪಂಪ್ ಇರುತ್ತದೆ. ಹಳೆಯ ಎಷ್ಟೋ ಗಾಡಿಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೆ ಅಂಟಿರುತ್ತದೆ, ಹಲವು ಹೊಸ ಎಂಜಿನ್ನುಗಳಲ್ಲಿ ಎಂಜಿನ್ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ತುದಿಯಲ್ಲಿ. ಈ ಪಂಪಿಗೆ ಎಂಜಿನ್ ಆಯಿಲೇ ಜೀವ. ಬೂಸ್ಟರ್ ಕಡೆಯ ತುದಿಯಲ್ಲಿ ಕೊಳವೆ ಬಿಚ್ಚಿ ಹೆಬ್ಬೆರಳಿಟ್ಟರೆ ಬೆರಳು ಬಲವಾಗಿ ಕಚ್ಚಿಕೊಳ್ಳಬೇಕು. ಕಚ್ಚದಿದ್ದರೆ, ಅಥವಾ ಕೊಳವೆಯೊಳಗೆ ಆಯಿಲ್ ಜಿನುಗಿದ್ದರೆ, ಪಂಪಿನ ಮೇಲೆ ಕಣ್ಣಿಡಿ. ಆಯಿಲ್ ತಗುಲಿ ಉಬ್ಬಿದ ಕೊಳವೆಯನ್ನು ಪಂಪ್ ಸರಿಪಡಿಸಿದ ಮೇಲೆ ಉಳಿಸಿಕೊಳ್ಳಬೇಡಿ. ಈಗಿನ ಕೆಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲೂ ಇಂಥ ಪಂಪುಗಳಿವೆ. ವಿದ್ಯುತ್ ಕಾರುಗಳಲ್ಲಿ ಕರೆಂಟಿನ ಪಂಪ್ ಅಥವಾ ಪೂರ್ತಿ ಮೋಟಾರಿನಿಂದಲೇ ನಡೆಯುವ ಬೂಸ್ಟರ್ ಇರುತ್ತದೆ. ಅಲ್ಲಿ ಪೆಡಲ್ ಗಟ್ಟಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುವುದೂ ಉಂಟು. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಗಾಳಿ ನಿರಪರಾಧಿಯಾದಾಗ

ಮೊದಲ ಪರೀಕ್ಷೆಯಲ್ಲಿ ಪೆಡಲ್ ಚೆನ್ನಾಗಿ ಇಳಿಯಿತು, ಆದರೂ ಓಡಿಸುವಾಗ ಗಟ್ಟಿ, ಕಾರು ನಿಲ್ಲುವುದಿಲ್ಲ. ಆಗ ಚಕ್ರಗಳನ್ನು ಬಿಚ್ಚಿ ನೋಡಬೇಕು. ಕರಾವಳಿಯಲ್ಲಿ ಎರಡು ಮಳೆಗಾಲ ಕಂಡ ಕ್ಯಾಲಿಪರಿನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಯ, ಜಾರುವ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಪಿಸ್ಟನ್ ಜಾಮ್ ಆಗುತ್ತದೆ. ರಬ್ಬರಿನ ಬ್ರೇಕ್ ಹೋಸ್ ಹೊರಗೆ ಹೊಸದರಂತಿದ್ದು ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಆಗ ಕಾಲು ತೆಗೆದರೂ ಒತ್ತಡ ಹಿಂದಕ್ಕೆ ಬರುವುದಿಲ್ಲ, ಚಕ್ರ ಹಿಡಿದುಕೊಂಡೇ ಉರುಳುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಮುಟ್ಟದೆ ಅಂಗೈಯನ್ನು ಪ್ರತಿ ಚಕ್ರದ ಬಳಿ ಒಯ್ಯಿರಿ. ಒಂದು ಚಕ್ರ ಮಾತ್ರ ಒಲೆಯಂತಿದ್ದರೆ ಅಪರಾಧಿ ಅಲ್ಲಿದ್ದಾನೆ. ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುವುದೂ ಅದರದೇ ಸಾಕ್ಷಿ.

ಪ್ಯಾಡುಗಳು ಹೊಳಪುಗಟ್ಟಿದರೂ ಹೀಗೆಯೇ. ಘಾಟಿಯನ್ನು ಮೇಲಿನ ಗೇರಿನಲ್ಲಿ, ಬ್ರೇಕ್ ಮೇಲೆಯೇ ಭಾರ ಹಾಕಿ ಇಳಿದರೆ ಪ್ಯಾಡಿನ ಮೈ ಸುಟ್ಟು ಗಾಜಿನಂತಾಗಿ ಡಿಸ್ಕಿನ ಮೇಲೆ ಜಾರುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಹಿಡಿತ ಇರುವುದಿಲ್ಲ, ಸುಟ್ಟ ವಾಸನೆ ಮೂಗಿಗೆ ಬರುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ಒಂದು ಪದದಿಂದ ಆಗುತ್ತದೆ. ನಾವೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತೇವೆ, ನಾನೂ ಇಲ್ಲಿಯವರೆಗೆ ಅದನ್ನೇ ಬರೆದೆ. ಅದು ಆಯಿಲೇ ಅಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ. ಹೆಸರನ್ನು ನಂಬಿ ಯಾರಾದರೂ ಎಂಜಿನ್ ಆಯಿಲೋ ಸ್ಟಿಯರಿಂಗ್ ಆಯಿಲೋ ಸುರಿದರೆ ಬ್ರೇಕಿನ ಒಳಗಿನ ರಬ್ಬರ್ ಸೀಲುಗಳೆಲ್ಲ ನೆನೆದ ಕಡಲೆಯಂತೆ ಉಬ್ಬುತ್ತವೆ. ಮಾಸ್ಟರ್ ಸಿಲಿಂಡರಿನಲ್ಲಿ ದ್ರವ ವಾಪಸಾಗುವ ಸಣ್ಣ ರಂಧ್ರ ಮುಚ್ಚಿ, ಓಡುತ್ತ ಓಡುತ್ತ ಪೆಡಲ್ ಗಟ್ಟಿಯಾಗಿ ನಾಲ್ಕೂ ಚಕ್ರ ಹಿಡಿದುಕೊಳ್ಳುತ್ತವೆ. ತಣ್ಣಗಾದಾಗ ಬಿಡುತ್ತವೆ, ಬಿಸಿಯಾದಾಗ ಮತ್ತೆ ಹಿಡಿಯುತ್ತವೆ. ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ತನ್ನ ಜಾಗದಲ್ಲಿ ಕೂರದಿದ್ದರೆ ಸಂಶಯಪಡಿ. ಡಬ್ಬಿಯಿಂದ ಒಂದೆರಡು ಹನಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಗ್ಲೈಕಾಲ್ ದ್ರವ ನೀರಿನಲ್ಲಿ ಬೆರೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಎಣ್ಣೆ ತೇಲಿದರೆ ಬರೀ ದ್ರವ ಬದಲಾಯಿಸಿದರೆ ಸಾಲದು. ಅದು ಮುಟ್ಟಿದ ರಬ್ಬರೆಲ್ಲ ಹೋಗಬೇಕು, ಲೋಹದ ಕೊಳವೆಗಳನ್ನು ತೊಳೆಯಬೇಕು. ಲೋಟವನ್ನು ಅಡುಗೆಮನೆಗೆ ಹಿಂದಿರುಗಿಸಬೇಡಿ, ಆ ದ್ರವ ವಿಷ. ಕಾರಿನ ಬಣ್ಣದ ಮೇಲೆ ಚೆಲ್ಲಿದರೂ ಬಣ್ಣ ಏಳುತ್ತದೆ.

ದಾರಿಯಲ್ಲೇ ಕೈಕೊಟ್ಟರೆ

‘ಬ್ರೇಕ್ ಹಿಡಿಯದಿದ್ದರೆ ಪಂಪ್ ಮಾಡು’ ಎಂದು ನಮಗೆ ಕಲಿಸಿದ್ದಾರೆ. ಅದು ಕುಸಿಯುವ ಪೆಡಲಿಗೆ ಸರಿ. ಗಟ್ಟಿ ಪೆಡಲಿಗೆ ಅದೇ ಶತ್ರು, ಏಕೆಂದರೆ ಪ್ರತಿ ಸಲ ಕಾಲೆತ್ತಿ ತುಳಿದಾಗಲೂ ಉಳಿದಿರುವ ಚೂರುಪಾರು ನಿರ್ವಾತ ಖರ್ಚಾಗುತ್ತದೆ. ಒಮ್ಮೆ ತುಳಿದರೆ ಬಿಡದೆ, ಬೇಕಾದರೆ ಎರಡೂ ಕಾಲು ಕೊಟ್ಟು ಒತ್ತಿ ಹಿಡಿಯಿರಿ. ಗೇರನ್ನು ಒಂದೊಂದಾಗಿ ಇಳಿಸಿ ಎಂಜಿನ್ನಿನ ತಡೆ ಬಳಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಬೀಗದ ಕೈಯನ್ನು ಮಾತ್ರ ಮುಟ್ಟಬೇಡಿ.

ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಉರುಳುವವರು ಈಗಲೂ ಇದ್ದಾರೆ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ವಾಲ್ವ್ ಎಷ್ಟೇ ನಿಷ್ಠಾವಂತವಾಗಿದ್ದರೂ ಕಾಪಿಟ್ಟ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ನಾಲ್ಕನೆಯ ತಿರುವಿಗೆ ಪೆಡಲ್ ಕಲ್ಲು. ಸ್ಟಿಯರಿಂಗಿನ ನೆರವೂ ಅಷ್ಟರಲ್ಲಿ ಹೋಗಿರುತ್ತದೆ, ಬೀಗದ ಕೈ ಪೂರ್ತಿ ಹೊರಗೆಳೆದರೆ ಸ್ಟಿಯರಿಂಗೇ ಬೀಗ ಹಾಕಿಕೊಳ್ಳುತ್ತದೆ. ಕಾರಿನಲ್ಲಿ ಯಾವ ದೋಷವೂ ಇಲ್ಲದೆ ಗಟ್ಟಿ ಪೆಡಲನ್ನು ನಾವೇ ತಂದುಕೊಳ್ಳುವ ವಿಧಾನ ಇದು.

ನನ್ನ ಕಾರಿಗೆ ಕೊಳವೆ ಹಾಕಿದ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ಎರಡು ವಾರ ನೆರವು ಕ್ಷೀಣಿಸುತ್ತಿದ್ದಂತೆ ನನ್ನ ಕಾಲು ನನಗೆ ತಿಳಿಯದೆಯೇ ಹೆಚ್ಚು ಹೆಚ್ಚು ಬಲ ಹಾಕಲು ಕಲಿತಿತ್ತು. ರಿಪೇರಿಯ ನಂತರ ಗೇಟಿನ ಬಳಿ ಮೊದಲ ಸಲ ಬ್ರೇಕ್ ತುಳಿದಾಗ ಕಾರು ಗಕ್ಕನೆ ನಿಂತು, ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಡ್ಯಾಶ್‌ಬೋರ್ಡಿಗೆ ಚೆಲ್ಲಿತು. ನಿಮ್ಮದು ರಿಪೇರಿಯಾಗಿ ಬಂದಾಗ ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ನಾಲ್ಕೈದು ಸಲ ತುಳಿದು ಕಾಲಿಗೆ ಹಳೆಯ ಲೆಕ್ಕ ಮತ್ತೆ ಕಲಿಸಿ, ಮನೆಯಲ್ಲಿ ಬೇರೆಯವರೂ ಅದೇ ಕಾರು ಓಡಿಸುವುದಾದರೆ ಅವರಿಗೂ ಹೇಳಿ.